ಹಲ್ಲು ನೋಡೋಕೆ ಮುಂಚೆ ಊರು ಕೇಳಿ

ರಾಜ್ಯೋತ್ಸವದ ಪ್ರದರ್ಶನಕ್ಕೆ ಅಂತ ನಾವು ಮಾಡಿದ್ದ ಒಂದು ಬೋರ್ಡನ್ನ ಹಿಂದಿನ ರಾತ್ರಿ ನಾವೇ ಕಿತ್ತು ಹಾಕಿದ್ವಿ. "ನಾಗಮಂಗಲದಲ್ಲಿ ಸಿಕ್ಕ ಶಾರ್ಕ್ ಹಲ್ಲು, ಕ್ರಿಟೇಶಿಯಸ್ ಕಾಲ" ಅಂತ ಅದರಲ್ಲಿ ದೊಡ್ಡಕ್ಷರದಲ್ಲಿ ಬರೆದಿತ್ತು. ಕ್ಲಬ್‌ನಲ್ಲಿ ಕೆಲವರಿಗೆ ಬೇಜಾರಾಯ್ತು. "ಯಾರು ಕೇಳ್ತಾರೆ ಮಗಾ, ಇರ್ಲಿ ಬಿಡಿ, ಜನ ನೋಡ್ತಾರೆ" ಅಂದ್ರು. ಕಿತ್ತಿದ್ದೇ ಸರಿ ಅಂತ ನಾವು ಈಗಲೂ ವಾದ ಮಾಡ್ತೀವಿ.

ನಾವು ನಾಲ್ಕು ಜನ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಹೀಗೆ ತಾಲ್ಲೂಕಿಗೊಬ್ಬರು. ನಾಗಮಂಗಲದವನ ಹೊಲದಲ್ಲಿ ಕೃಷಿ ಹೊಂಡ ತೋಡುವಾಗ ಒಂದು ಕಲ್ಲು ಸಿಕ್ತು. ಹೆಬ್ಬೆರಳಿನ ಉಗುರಿನಷ್ಟು, ತ್ರಿಕೋನ, ಕಂದು ಬಣ್ಣ, ಹೊಳಪು ಬೇರೆ. ಫೋನಿನ ಆ್ಯಪ್‌ಗೆ ಫೋಟೋ ಹಾಕಿದ್ರೆ ಸ್ಕ್ವಾಲಿಕೊರಾಕ್ಸ್ ಅನ್ನೋ ಶಾರ್ಕಿನ ಹಲ್ಲು ಅಂತ ಬಂತು. ಅಷ್ಟು ಸಾಕಾಯ್ತು ನಮಗೆ. ಮಂಡ್ಯದಲ್ಲಿ ಸಮುದ್ರ ಇತ್ತು ಅಂತ ಬೋರ್ಡ್ ರೆಡಿ.

ಆಮೇಲೆ ಹಲ್ಲನ್ನ ಹೇಗೆ ಗುರುತಿಸ್ತಾರೆ ಅಂತ ಓದೋಕೆ ಶುರು ಮಾಡಿದ್ವಿ (ಬೋರ್ಡ್ ಮಾಡೋ ಮುಂಚೆ ಓದಬೇಕಿತ್ತು, ಒಪ್ಪಿದ್ವಿ). ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದ್ದು, ಬೇಗ ಕೊಳೆತು ಹೋಗುತ್ತೆ. ಹಲ್ಲು ಮಾತ್ರ ಉಳಿಯುತ್ತೆ. ಒಂದೊಂದು ಶಾರ್ಕೂ ಬದುಕಿರೋವಾಗ ಸಾವಿರಾರು ಹಲ್ಲು ಉದುರಿಸುತ್ತೆ. ಹಲ್ಲಿಗೆ ಎರಡು ಭಾಗ: ಮೇಲೆ ಹೊಳೆಯೋ ಕಿರೀಟ, ಕೆಳಗೆ ಒರಟಾದ ಬೇರು. ಸ್ಕ್ವಾಲಿಕೊರಾಕ್ಸ್ ಆದ್ರೆ ತುದಿ ಒಂದು ಕಡೆಗೆ ವಾಲಿರುತ್ತೆ, ಅಂಚು ಸಾಮಾನ್ಯವಾಗಿ ಗರಗಸದ ಹಾಗೆ. ಕ್ರೆಟಲಾಮ್ನ ಆದ್ರೆ ಅಂಚು ನುಣುಪು, ಎರಡೂ ಪಕ್ಕದಲ್ಲಿ ಅಗಲವಾದ ಒಂದೊಂದು ಮರಿಹಲ್ಲು. ಟೈಕೋಡಸ್ ಹಲ್ಲು ಚೂಪಾಗೇ ಇರಲ್ಲ. ನಮ್ಮ ರಾಗಿಕಲ್ಲಿಗೆ ಉಳಿ ಹಾಕಿಸಿದ ಹಾಗೆ ಸಾಲು ಸಾಲು ಗೆರೆ. ಅದು ಚಿಪ್ಪು ಅರೆದು ತಿನ್ನೋಕೆ. ಇಷ್ಟಾದರೂ ತಲೆನೋವು ಮುಗಿಯಲ್ಲ. ಒಂದೇ ಮೀನಿನ ಬಾಯಲ್ಲಿ ಮುಂದಿನ ಹಲ್ಲು ನೆಟ್ಟಗೆ, ಪಕ್ಕದ್ದು ವಾಲಿಕೊಂಡು. ಹಾಗಾಗಿ ಒಂದೇ ಶಾರ್ಕಿನ ಎರಡು ಹಲ್ಲು ಎರಡು ಜಾತಿಯ ಥರ ಕಾಣಬಹುದು.

ನಮ್ಮ ಕಲ್ಲಿಗೆ ಬೇರೂ ಇಲ್ಲ, ಗರಗಸವೂ ಇಲ್ಲ. ಒಡೆದ ಕಿಟಕಿ ಗಾಜಿನ ಮೇಲೆ ಎಳೆದ್ವಿ, ಗಾಜಿಗೆ ಗೀರು ಬಿತ್ತು. ಹಲ್ಲಿನ ಖನಿಜ ಗಟ್ಟಿತನದಲ್ಲಿ ಸುಮಾರು 5, ಗಾಜು 5.5ರ ಹತ್ತಿರ, ಕ್ವಾರ್ಟ್ಜ್ 7. ಅಲ್ಲಿಗೆ ಕಥೆ ಮುಗೀತು. (ನಿಜವಾದ ಹಲ್ಲು ಸಿಕ್ಕಿದ್ರೆ ದಯವಿಟ್ಟು ಹೀಗೆ ಗೀಚಬೇಡಿ, ಹಾಳಾಗುತ್ತೆ.) ಕೆ.ಆರ್. ಪೇಟೆಯವಳ ತಾತ ಅದನ್ನ ಬೆಳಕಿಗೆ ಹಿಡಿದು ನೋಡಿ, "ಇದು ಬೆಣಚುಕಲ್ಲು ಕಣ್ರಪ್ಪಾ, ಬೆಂಕಿ ಹೊತ್ತಿಸೋಕೆ ಇಟ್ಕೊತಿದ್ವಿ" ಅಂತ ಅರ್ಧ ನಿಮಿಷದಲ್ಲಿ ಹೇಳಿಬಿಟ್ರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕ್ವಾರ್ಟ್ಜ್ ಗೊತ್ತು, ಬೆಣಚುಕಲ್ಲು ಗೊತ್ತಿರಲಿಲ್ಲ.

ಆದರೆ ಗಾಜೂ ಬೇಕಿರಲಿಲ್ಲ, ಊರಿನ ಹೆಸರೇ ಸಾಕಿತ್ತು. ನಮ್ಮ ನಾಲ್ಕೂ ತಾಲ್ಲೂಕಿನ ತಳದಲ್ಲಿರೋದು ನೈಸ್ ಮತ್ತು ಅದರಂಥ ಹಳೇ ಕಲ್ಲುಗಳು, ಸುಮಾರು 300 ಕೋಟಿ ವರ್ಷದವು. ಕ್ರಿಟೇಶಿಯಸ್ ಅಂದ್ರೆ 14.5 ಕೋಟಿಯಿಂದ 6.6 ಕೋಟಿ ವರ್ಷದ ಹಿಂದೆ. ಈ ಕಲ್ಲು ಹುಟ್ಟಿದಾಗ ಶಾರ್ಕ್ ಇರಲಿ, ಭೂಮಿ ಮೇಲೆ ಹಲ್ಲಿರೋ ಪ್ರಾಣಿಯೇ ಇರಲಿಲ್ಲ. "ಹಳೇ ಕಲ್ಲಿನ ಮೇಲೆ ಹೊಸ ಪದರ ಇದ್ರೆ?" ಅಂತ ಒಬ್ಬ ಸೀನಿಯರ್ ಕೇಳಿದ್ರು. ಒಳ್ಳೇ ಪ್ರಶ್ನೆ. ಆದ್ರೆ ಆ ಪದರ ಇರಬೇಕಲ್ಲ? ಹೊಂಡದಲ್ಲಿ ಕೆಂಪು ಮಣ್ಣು, ಅದರ ಕೆಳಗೆ ಕೊಳೆತ ನೈಸ್, ಅಷ್ಟೇ.

ಆ ಕಾಲದ ಸಮುದ್ರ ನೋಡಬೇಕು ಅಂದ್ರೆ ಕಾವೇರಿ ಹರಿಯೋ ಕಡೆಗೇ ಹೋಗಬೇಕು. ಶ್ರೀರಂಗಪಟ್ಟಣ ಸುತ್ತಿಕೊಂಡು ಹೋದ ನೀರು ತಿರುಚಿನಾಪಳ್ಳಿ ದಾಟುತ್ತೆ. ಅಲ್ಲಿಂದ ಉತ್ತರಕ್ಕಿರೋ ಕಾರೈ, ಅರಿಯಲೂರು ಕಡೆ ಕ್ರಿಟೇಶಿಯಸ್ ಸಮುದ್ರದ ತಳ ಈಗ ಒಣನೆಲ. 1840ರ ದಶಕದಿಂದಲೇ ದಕ್ಷಿಣದ ಈ ಪದರಗಳಿಂದ ಪಳೆಯುಳಿಕೆ ಆರಿಸ್ತಾ ಇದ್ದಾರೆ. 2011ರಲ್ಲಿ ಕಾರೈ ಪದರದ ಹಲ್ಲುಗಳಿಂದ ಒಂದು ಹೊಸ ಶಾರ್ಕ್ ಜಾತಿಗೆ ಡ್ವಾರ್ಡಿಯಸ್ ಸುಡಿಂಡಿಕಸ್ ಅಂತ ಹೆಸರಿಟ್ಟರು, ಅಂದ್ರೆ ದಕ್ಷಿಣ ಭಾರತದ್ದು. ಆ ಸಮುದ್ರದ ತಳಕ್ಕೆ ಬಿದ್ದ ಮಣ್ಣು ಮರಳು ಪಶ್ಚಿಮದ ಹಳೇ ಕಲ್ಲುನೆಲ ಸವೆದು ಹೋದದ್ದು. ಇವತ್ತಿನ ಕಾವೇರಿಯೇ ಹೊತ್ತುಕೊಂಡು ಹೋಯ್ತು ಅಂತ ನಾವು ಹೇಳ್ತಿಲ್ಲ, ಮತ್ತೆ ಬೋರ್ಡ್ ಬರೀಬೇಡಿ. ಆದ್ರೂ ಶಾರ್ಕಿಗೂ ನಮ್ಮಂಥ ನೆಲಕ್ಕೂ ನಿಜವಾಗಿ ಏನಾದ್ರೂ ಸಂಬಂಧ ಇದ್ರೆ ಅದು ಇದೇ. ಸುಳ್ಳು ಹಲ್ಲಿಗಿಂತ ಇದು ಎಷ್ಟೋ ಚೆನ್ನಾಗಿದೆ ಅನ್ನಿಸ್ತು ನಮಗೆ.

ನಮ್ಮಲ್ಲೊಬ್ಬಳ ಕೊರಳಲ್ಲಿ ನಿಜವಾದ ಶಾರ್ಕ್ ಹಲ್ಲೇ ಇದೆ, ಆನ್‌ಲೈನ್‌ನಲ್ಲಿ ತರಿಸಿದ್ದು. "ಮೊರಾಕೊ, ಕ್ರಿಟೇಶಿಯಸ್" ಅಂತ ಚೀಟಿ ಇತ್ತು. ಮೊರಾಕೊದ ಖುರಿಬ್ಗಾ ಫಾಸ್ಫೇಟ್ ಗಣಿಯ ಪದರಗಳು ಕ್ರಿಟೇಶಿಯಸ್‌ನಿಂದ ಶುರುವಾಗಿ ಡೈನೋಸಾರ್ ಹೋದ ಮೇಲೂ ಎಷ್ಟೋ ಕಾಲ ಮುಂದುವರಿದವು. ಯಾವ ಪದರ ಅಂತ ಅಗೆದವನು ಬರೆದಿಟ್ಟಿಲ್ಲ. ಹಲ್ಲಿನ ಆಕಾರ ಸ್ಪಷ್ಟವಾಗಿದ್ರೆ ವಯಸ್ಸು ಒಂದಷ್ಟು ಹೇಳಬಹುದು. ಇವಳದಕ್ಕೆ ಚಿನ್ನದ ಬಣ್ಣದ ಟೋಪಿ ಹಾಕಿ ಬೇರನ್ನೇ ಮುಚ್ಚಿಬಿಟ್ಟಿದ್ದಾರೆ.

ಅದಕ್ಕೇ ಮುಂದಿನ ಪ್ರದರ್ಶನಕ್ಕೆ ನಾವು ಒಂದು ನಿಯಮ ಕೇಳ್ತಿದ್ದೀವಿ. ಯಾವ ಕಲ್ಲು, ಯಾವ ಪಳೆಯುಳಿಕೆ ತಂದ್ರೂ ಊರು, ಆಳ, ಯಾವ ಮಣ್ಣಿನಲ್ಲಿ ಸಿಕ್ತು, ಯಾವ ದಿನ, ಇಷ್ಟು ಬರೆದ ಚೀಟಿ ಜೊತೆಗಿರಲಿ. ಆ್ಯಪ್ ಏನಂತು ಅನ್ನೋದನ್ನ ಬೇಕಾದ್ರೆ ಚೀಟಿಯ ಹಿಂದೆ ಬರೀರಿ. ಚೀಟಿ ಇಲ್ಲದ ಹಲ್ಲು ನೋಡೋಕೆ ಚೆಂದ, ಅದಕ್ಕೆ ನಾವು ಜಾಗ ಕೊಡಲ್ಲ.

ನಾಗಮಂಗಲದ ಕಲ್ಲು ಈಗ ಕ್ಲಬ್ಬಿನ ಬೀರುವಿನಲ್ಲಿ ಒಂದು ಬೆಂಕಿಪೊಟ್ಟಣದೊಳಗಿದೆ. ಮೇಲೆ ಬರೆದಿದ್ದೀವಿ: ಬೆಣಚುಕಲ್ಲು, ಕೃಷಿ ಹೊಂಡ, ನಾಗಮಂಗಲ ತಾಲ್ಲೂಕು, ಆಳ 6 ಅಡಿ, ಗುರುತಿಸಿದವರು ಕೆ.ಆರ್. ಪೇಟೆ ತಾತ.