ಸೊಳ್ಳೆಯ ವರದಿಗೆ ಗಡುವು ಬೇಕು

2023ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳನ್ನು ಆರೋಗ್ಯ ಇಲಾಖೆಯವರು ಪರೀಕ್ಷೆಗೆ ಕಳುಹಿಸಿದರು. ಅವುಗಳಲ್ಲಿ ಝೀಕಾ ವೈರಸ್ ಇದೆಯೆಂಬ ವರದಿಯು ಬಂದುದು ಅಕ್ಟೋಬರ್ ತಿಂಗಳ ಕೊನೆಗೆ. ಊರಿನಲ್ಲಿ ರೋಗಿಯು ಕಾಣಿಸಿಕೊಳ್ಳುವ ಮೊದಲೇ ಸೊಳ್ಳೆಯಲ್ಲಿ ರೋಗಬೀಜವನ್ನು ಪತ್ತೆಹಚ್ಚಿದ ಇಲಾಖೆಯ ಶ್ರಮವು ಸ್ತುತ್ಯವಾದುದೇ. ಆದರೆ ನಡುವೆ ಎರಡು ತಿಂಗಳು ಕಳೆದುವು. ಏಡಿಸ್ ಸೊಳ್ಳೆಯ ಆಯುಸ್ಸು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ವರದಿಯು ಕೈಸೇರುವ ವೇಳೆಗೆ ಆ ಸೊಳ್ಳೆಗಳ ಮೊಮ್ಮಕ್ಕಳು ಹಾರಾಡುತ್ತಿದ್ದಿರಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!

ಜ್ವರ ಬಂದವರ ರಕ್ತವನ್ನು ಪರೀಕ್ಷಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದೆಂದೇ ನಮ್ಮ ಉತ್ತರ. ಝೀಕಾ ತಗುಲಿದ ಐವರಲ್ಲಿ ನಾಲ್ವರಿಗೆ ಯಾವ ಲಕ್ಷಣವೂ ತೋರದು. ಗರ್ಭಿಣಿಗೆ ತಗುಲಿದರೆ ಶಿಶುವಿನ ಮಿದುಳಿಗೇ ಕೇಡಾಗಬಹುದೆಂಬುದನ್ನು 2015ರಲ್ಲಿ ಬ್ರೆಜಿಲ್ ದೇಶದ ತಾಯಂದಿರು ಅನುಭವಿಸಿದರು.

ಪರೀಕ್ಷೆಯ ಕ್ರಮವು ಗೂಢವಾದುದೇನೂ ಅಲ್ಲ. ಸೊಳ್ಳೆಗಳನ್ನು ಜಾತಿವಾರು ವಿಂಗಡಿಸಿ, ಒಂದೇ ಸ್ಥಳದ ಇಪ್ಪತ್ತು ಮೂವತ್ತನ್ನು ಒಟ್ಟುಗೂಡಿಸಿ ಅರೆದು, ಆರ್‌ಟಿ-ಪಿಸಿಆರ್ ಯಂತ್ರದಲ್ಲಿ ನೋಡುವರು. ವೈರಸ್ಸಿನ ಆರ್‌ಎನ್‌ಎ ಎಂಬ ದ್ರವ್ಯವು ಬಿಸಿಲಿಗೆ ಬೇಗ ಕೆಡುವುದು. ಆದುದರಿಂದ ಹಿಡಿದ ಹಳ್ಳಿಯಿಂದ ಪರೀಕ್ಷಾಶಾಲೆಯವರೆಗೆ ಶೀತಲ ವ್ಯವಸ್ಥೆ ತಪ್ಪಬಾರದು. ತಪ್ಪಿದರೆ, ರೋಗವಿದ್ದರೂ ಇಲ್ಲವೆಂಬ ಸುಳ್ಳು ವರದಿ ಬಂದೀತು. ಒಂದೇ ಪರೀಕ್ಷೆಯಲ್ಲಿ ಡೆಂಗೀ, ಚಿಕುನ್‌ಗುನ್ಯಾ, ಝೀಕಾ ಮೂರನ್ನೂ ನೋಡುವ ವಿಧಾನವೂ ಈಗ ಉಂಟು.

ವಿದ್ಯೆಗೆ ನಾವು ಪರರನ್ನು ಬೇಡಬೇಕಾಗಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರವು 1952ರಲ್ಲಿಯೇ ಸ್ಥಾಪಿತವಾಯಿತು. 2020ರ ಕೋವಿಡ್ ಪಿಡುಗಿನಲ್ಲಿ ನಮ್ಮ ಜಿಲ್ಲೆಗಳಿಗೂ ಪಿಸಿಆರ್ ಯಂತ್ರಗಳು ಬಂದುವು. ಅವುಗಳನ್ನೇ ಈ ಕಾರ್ಯಕ್ಕೂ ತೊಡಗಿಸಬಹುದು. ಸೊಳ್ಳೆಯ ಜಾತಿಯನ್ನು ಗುರುತಿಸಬಲ್ಲ ಕೀಟಶಾಸ್ತ್ರಜ್ಞರನ್ನೂ, ಮಾದರಿಗಳನ್ನು ಕೆಡದಂತೆ ಸಾಗಿಸುವ ಏರ್ಪಾಡನ್ನೂ ಒದಗಿಸುವುದು ಸರಕಾರದ ಹೊಣೆ.

2024ರಲ್ಲಿ ಡೆಂಗೀ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಗೊಟ್ಟವರಿಗೆ ದಂಡ ವಿಧಿಸುವ ನಿಯಮವನ್ನು ಸರಕಾರದವರು ಮಾಡಿದರು. ನಿಯಮವು ಯುಕ್ತವೇ. ಆದರೆ ಹೂಕುಂಡದಲ್ಲಿ ನೀರು ನಿಲ್ಲಗೊಟ್ಟ ಗೃಹಸ್ಥನಿಗೆ ದಂಡವಾದರೆ, ಎರಡು ತಿಂಗಳು ವರದಿಯನ್ನು ನಿಲ್ಲಗೊಟ್ಟವರಿಗೆ ಏನು? ಮಾದರಿ ತಲಪಿದ ಏಳು ದಿನಗಳೊಳಗೆ ವರದಿಯು ಹೊರಡಬೇಕು. ಅದೇ ದಿನ ಗ್ರಾಮ ಪಂಚಾಯಿತಿಗೂ ತಿಳಿಯಬೇಕು. ಮುಂದಿನ ಮಳೆಗಾಲಕ್ಕೆ ಮುನ್ನವೇ ಅಧಿಕಾರಿಗಳು ಇತ್ತ ಲಕ್ಷ್ಯ ಕೊಡಬೇಕೆಂದು ನಾವು ಒತ್ತಾಯಪಡಿಸುತ್ತೇವೆ.