ಹೆಸರಾಂತ ವಿಶ್ವವಿದ್ಯಾಲಯ ಮತ್ತು ನಮ್ಮ ಮಕ್ಕಳ ಸಂತೃಪ್ತಿ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗುತ್ತಿದ್ದಂತೆ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: ಯಾವ ಕಾಲೇಜಿನಲ್ಲಿ ಸೀಟು ಸಿಕ್ಕಿತು? ಹಿರೇಬೆಂಡಿಗೇರಿಯಂತಹ ಊರಿನ ಮಗುವೊಂದು ಧಾರವಾಡದ ಐಐಟಿಗೋ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೋ ಆಯ್ಕೆಯಾದರೆ ಊರೇ ಸಂಭ್ರಮಿಸುತ್ತದೆ, ಸಂಭ್ರಮಿಸಲೂಬೇಕು. ಆದರೆ ಅಂತಹ ಸಂಸ್ಥೆಗಳಿಂದ ಹೊರಬಂದವರು ತಮ್ಮ ವಿದ್ಯಾರ್ಥಿ ಜೀವನದ ಬಗ್ಗೆ ಸಂತೃಪ್ತರಾಗಿದ್ದಾರೆಯೇ ಎಂದು ನಾವು ವಿಚಾರಿಸುವುದು ಬಹಳ ವಿರಳ.

2014ರಲ್ಲಿ ಅಮೆರಿಕದ ಗ್ಯಾಲಪ್ ಸಂಸ್ಥೆಯು ಪರ್ಡ್ಯೂ ವಿಶ್ವವಿದ್ಯಾಲಯದೊಂದಿಗೆ ಸೇರಿ ಸುಮಾರು 30,000 ಪದವೀಧರರನ್ನು ಈ ಬಗ್ಗೆ ಪ್ರಶ್ನಿಸಿತು. ಕಲಿತ ಸಂಸ್ಥೆ ಎಷ್ಟು ಪ್ರತಿಷ್ಠಿತವೆಂಬುದು ಅವರ ಮುಂದಿನ ಬದುಕಿನ ನೆಮ್ಮದಿಯಲ್ಲಿ ಹೆಚ್ಚಿನ ವ್ಯತ್ಯಾಸವನ್ನು ಉಂಟುಮಾಡಿರಲಿಲ್ಲ. ಕಾಳಜಿ ತೋರಿದ ಅಧ್ಯಾಪಕರು, ಕಲಿಕೆಯಲ್ಲಿ ಉತ್ಸಾಹ ತುಂಬಿದ ಒಬ್ಬ ಗುರು, ಕನಸಿಗೆ ಬೆಂಬಲವಾಗಿ ನಿಂತ ಒಬ್ಬ ಮಾರ್ಗದರ್ಶಿ ಇದ್ದರೇ ಎಂಬುದೇ ಮುಖ್ಯವಾಗಿತ್ತು. ಈ ಮೂರೂ ದೊರೆತವರು ತಮ್ಮ ಉದ್ಯೋಗದಲ್ಲಿ ಮನಸ್ಸಿಟ್ಟು ತೊಡಗುವ ಸಾಧ್ಯತೆ ಇಮ್ಮಡಿಗಿಂತಲೂ ಹೆಚ್ಚಿತ್ತು. ಆದರೆ ಮೂರೂ ದೊರೆತವೆಂದು ದೃಢವಾಗಿ ಹೇಳಿದವರು ಕೇವಲ ಶೇ. 14ರಷ್ಟು ಮಂದಿ.

ಹಾಗಾದರೆ ಉನ್ನತ ಸಂಸ್ಥೆಗಳ ಆಸೆಯನ್ನೇ ನಾವು ಬಿಡಬೇಕೇ? ಖಂಡಿತ ಇಲ್ಲ. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರೆಂದು 2006ರ ಸಾಚಾರ್ ಸಮಿತಿ ವರದಿ ತಿಳಿಸಿತ್ತು. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಸಂಶೋಧಕರು ಅಮೆರಿಕದಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಸಮಾನ ಸಾಮರ್ಥ್ಯದ ಹೆಚ್ಚಿನ ವಿದ್ಯಾರ್ಥಿಗಳ ಸಂಪಾದನೆಯನ್ನು ಕಾಲೇಜಿನ ಹೆಸರು ಅಷ್ಟೇನೂ ಹೆಚ್ಚಿಸುವುದಿಲ್ಲ. ಆದರೆ ಕಡಿಮೆ ಓದಿದ ತಂದೆತಾಯಿಯ ಮಕ್ಕಳಿಗೆ ಅದರಿಂದ ನಿಜವಾದ ಪ್ರಯೋಜನವಿದೆ. ಬಾಗಿಲು ತೆರೆದಾಗ ನಮ್ಮ ಮಕ್ಕಳು ಒಳಗೆ ಹೋಗಲೇಬೇಕು. ಆದರೆ ಒಳಗೆ ಹೋದವರನ್ನು ಒಂಟಿಯಾಗಿ ಬಿಡಬಾರದು.

ಈ ಒಂಟಿತನ ಸಣ್ಣ ಸಂಗತಿಯಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆಗಳನ್ನು ಕಂಡು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ರಚಿಸಬೇಕಾಯಿತು. ಅದರ ಮುಂದೆ ಬಂದಿದ್ದ ಪ್ರಕರಣ ದಿಲ್ಲಿ ಐಐಟಿಯ ಇಬ್ಬರು ವಿದ್ಯಾರ್ಥಿಗಳದ್ದು. ಕನ್ನಡ ಮಾಧ್ಯಮದಲ್ಲಿ ಕಲಿತು, ಮನೆಯವರ ಎಲ್ಲ ಆಸೆಗಳನ್ನು ಹೊತ್ತು ಹೋದ ಮಗು ಮೊದಲ ಸೆಮಿಸ್ಟರಿನಲ್ಲಿ ಎಡವಿದರೆ ಅದನ್ನು ಯಾರ ಬಳಿ ಹೇಳಿಕೊಳ್ಳಬೇಕು?

ಜ್ಞಾನವು ವ್ಯಕ್ತಿಯಿಂದ ವ್ಯಕ್ತಿಗೆ ದಾಟುವಂಥದ್ದೆಂಬುದು ನಮಗೆ ಹೊಸ ಪಾಠವೇನಲ್ಲ. ಪವಿತ್ರ ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ) ದೀರ್ಘ ಪ್ರಯಾಣ ಕೈಗೊಳ್ಳುವುದು ಒಬ್ಬ ಗುರುವನ್ನು ಅರಸಿಕೊಂಡು. ನಮ್ಮ ಶಿಗ್ಗಾಂವಿ ನೆಲದ ಶಿಶುನಾಳ ಶರೀಫರನ್ನು ಜನರು ಇಂದಿಗೂ ನೆನೆಯುವುದು ಕಳಸದ ಗೋವಿಂದಭಟ್ಟರ ಶಿಷ್ಯರೆಂದು. ಅವರ ಕಲಿಕೆಗೆ ಹೆಸರು ಕೊಟ್ಟದ್ದು ಗುರುವೇ ಹೊರತು ಕಟ್ಟಡವಲ್ಲ.

ಆದ್ದರಿಂದ ಸೀಟು ಆಯ್ಕೆ ಮಾಡುವಾಗ ರ‍್ಯಾಂಕಿಂಗ್ ಪಟ್ಟಿಯೊಂದನ್ನೇ ನೋಡದೆ, ಅಲ್ಲಿ ಓದಿದವರನ್ನು ಕಂಡು ಮಾತನಾಡೋಣ: ಅಧ್ಯಾಪಕರು ನಿಮ್ಮನ್ನು ಹೆಸರಿನಿಂದ ಬಲ್ಲವರಾಗಿದ್ದರೇ? ಕಷ್ಟ ಬಂದಾಗ ಯಾರ ಬಾಗಿಲು ತಟ್ಟಿದಿರಿ? ಹಾವೇರಿಯ ಸಾಮಾನ್ಯ ಕಾಲೇಜಿನಲ್ಲಿ ಅಂತಹ ಗುರು ಇದ್ದರೆ ಅದನ್ನು ಸೋಲೆಂದು ಭಾವಿಸದಿರೋಣ. ಮಗು ದೂರದಲ್ಲಿದ್ದರೆ ಫೋನಿನಲ್ಲಿ ಅಂಕಕ್ಕಿಂತ ಮೊದಲು ಊಟ, ನಿದ್ದೆ, ಸ್ನೇಹಿತರ ಬಗ್ಗೆ ಕೇಳೋಣ. ಮನಸ್ಸು ಸೋತಾಗ ಮರಳಿ ಬರಲು ಮನೆಯ ಬಾಗಿಲು ತೆರೆದಿದೆಯೆಂದು ಸ್ಪಷ್ಟವಾಗಿ ಹೇಳೋಣ. ಮೊದಲೇ ಕಲಿತು ಹೊರಬಂದ ನಮ್ಮ ಯುವಕ ಯುವತಿಯರು ಹೊಸಬರೊಬ್ಬರ ಜವಾಬ್ದಾರಿ ವಹಿಸಿಕೊಳ್ಳಲಿ.

ಪ್ರವಾದಿ ಮುಹಮ್ಮದ್(ಸ) ಅವರು ಪ್ರಯೋಜನವಿಲ್ಲದ ಜ್ಞಾನದಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಮಕ್ಕಳ ಮನಸ್ಸನ್ನು ಬತ್ತಿಸಿ ಕೊಡುವ ಪದವಿಯನ್ನು ಪ್ರಯೋಜನಕಾರಿ ಎನ್ನಲಾದೀತೇ? ಪಾಲಕರಾದ ನಾವು ಯೋಚಿಸಬೇಕಾಗಿದೆ.