ಒದ್ದೆ ಕಾಲಿನ ಗಾಯ ಯಾಕೆ ಮಾಯೋದಿಲ್ಲ?

ಚರ್ಮದ ವಿಚಾರ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಲಿದ ತೊಗಲನ್ನು ಒದ್ದೆಯಾಗಿ ಬಿಟ್ಟರೆ ಕೂದಲು ಕಳಚಿ, ನಾರಿ, ಕೊಳೆತುಹೋಗ್ತದೆ ಅಂತ ನಮ್ಮ ತಾತ ಮುತ್ತಾತಂದಿರಿಗೆ ಗೊತ್ತಿತ್ತು. ಅದಕ್ಕೇ ಉಪ್ಪು ಸವರಿ ಒಣಗಿಸ್ತಿದ್ದರು. ಸತ್ತ ದನದ ಚರ್ಮಕ್ಕೆ ಸಿಕ್ಕ ಆ ಒಣ ಜಾಗ, ಬೆಂಗಳೂರಿನ ಬೀದಿ ಗುಡಿಸುವ ನಮ್ಮ ಅಕ್ಕತಂಗಿಯರ ಜೀವಂತ ಚರ್ಮಕ್ಕೆ ಸಿಕ್ಕಿಲ್ಲ.

ಆಯುಧಪೂಜೆಯ ಮಾರನೇ ಬೆಳಿಗ್ಗೆ ಗಾಂಧಿ ಬಜಾರಿಗೋ ಮಲ್ಲೇಶ್ವರದ ಎಂಟನೇ ಕ್ರಾಸಿಗೋ ಹೋಗಿ ನೋಡಿ. ಬಾಳೆಕಂದು, ಒಡೆದ ಬೂದುಗುಂಬಳ, ಕೊಳೆತ ಹೂವು. ಅದರ ಮೇಲೆ ಮಳೆ. ಬಾಚುವವರ ಕಾಲ್ಬೆರಳ ಸಂದಿ ಬೆಳ್ಳಗೆ ಊದಿ, ಮೆತ್ತಗಾಗಿ, ಸೀಳಿರ್ತದೆ. ಊರಲ್ಲಿ ನಾಟಿ ಹಾಕೋರು ಇದನ್ನೇ ಕೆಸರುಹುಣ್ಣು ಅಂತಾರೆ.

ಇದು ಯಾಕಾಗ್ತದೆ? ಚರ್ಮದ ಮೇಲ್ಪದರ ಕೋಟೆಯ ಗೋಡೆ ಇದ್ದಂಗೆ. ಬಹಳ ಹೊತ್ತು ನೀರಲ್ಲಿದ್ದರೆ ಅದು ನೀರು ಕುಡಿದು ಊದ್ತದೆ, ಒಳಗಿನ ಜಿಡ್ಡು ಸಡಿಲಾಗ್ತದೆ. ಚರ್ಮಕ್ಕೆ ಸಹಜವಾಗಿರುವ ಸ್ವಲ್ಪ ಹುಳಿಗುಣ ಕೆಡ್ತದೆ. ಆಗ ಪೊರಕೆಯ ಹಿಡಿ ಉಜ್ಜಿದರೂ, ಚಪ್ಪಲಿಯ ಬಾರು ತಿಕ್ಕಿದರೂ ಗೋಡೆ ಕಿತ್ತುಬರ್ತದೆ. ಬೂಷ್ಟು, ಕ್ರಿಮಿ ಒಳಗೆ ನುಗ್ತವೆ. ಗಾಜು ಚುಚ್ಚಿದ ಗಾಯವಿದ್ದರೆ ಅದರ ಅಂಚು ನೆನೆದು ಕರಗ್ತದೆ. ಹೊಸ ಚರ್ಮ ಅಂಚಿನಿಂದಲೇ ಬೆಳೀಬೇಕು, ಅಂಚೇ ಕೊಳೆತರೆ ಎಲ್ಲಿಂದ ಬೆಳೀಬೇಕು? ಸಕ್ಕರೆ ಕಾಯಿಲೆಯೂ ಇದ್ದರೆ ಬೆರಳೇ ಹೋಗಬಹುದು.

‘ಗಾಯಕ್ಕೆ ತೇವ ಬೇಕು ಅಂತ ಡಾಕ್ಟರುಗಳೇ ಹೇಳ್ತಾರಲ್ಲ’ ಅನ್ನೋ ಬುದ್ಧಿವಂತರಿದ್ದಾರೆ. ನಿಜ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ, ಒಣಗಿ ಹಕ್ಕಳೆಗಟ್ಟಿದ ಗಾಯಕ್ಕಿಂತ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡ್ತದೆ ಅಂತ ಹಂದಿಗಳ ಮೇಲೆ ಪರೀಕ್ಷಿಸಿ ತೋರಿಸಿದ. ಆದರೆ ಅದು ಶುದ್ಧವಾದ ಪಟ್ಟಿಯೊಳಗಿನ ಹದವಾದ ತೇವ. ಕಸದ ರಸದಲ್ಲಿ ಆರೇಳು ಗಂಟೆ ನೆನೆಯೋದು ಯಾವ ವೈದ್ಯ? ಹದಕ್ಕೂ ಕೊಳೆಗೂ ವ್ಯತ್ಯಾಸ ಚರ್ಮ ಹದ ಮಾಡಿದ ಜನಕ್ಕೆ ತಿಳಿಯದೇ?

‘ಅವರಿಗೆ ಅಭ್ಯಾಸ, ಅವರ ಚರ್ಮ ದಪ್ಪ’ ಅನ್ನೋರಿಗೂ ಒಂದು ಮಾತು. ಮೊದಲನೇ ಮಹಾಯುದ್ಧದಲ್ಲಿ ಕಂದಕದ ನೀರಲ್ಲಿ ನಿಂತ ಬಿಳಿ ಸಿಪಾಯಿಗಳ ಕಾಲೂ ಕೊಳೆತವು. ನೀರು ಜಾತಿ ಕೇಳೋದಿಲ್ಲ. ನೀರಲ್ಲಿ ಯಾರನ್ನು ನಿಲ್ಲಿಸಬೇಕು ಅಂತ ಕೇಳೋದು ಜಾತಿ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಒದ್ದೆ ಬಟ್ಟೆ ಉಟ್ಟರೆ ಮಡಿ. ಪೂಜೆ ಮುಗಿದ ಮೇಲೆ ಬಿಚ್ಚಿ ಒಣ ಬಟ್ಟೆ ಉಡ್ತಾರೆ. ನಮ್ಮವರ ಒದ್ದೆಗೆ ಮೈಲಿಗೆ ಅಂತ ಹೆಸರು, ಬಿಚ್ಚಿ ಬದಲಾಯಿಸೋಕೆ ಮರೆಯೂ ಇಲ್ಲ.

ಚಾಮರಾಜಪೇಟೆಯಂಥ ಹಳೇ ಬಡಾವಣೆ ಕಟ್ಟಿದಾಗ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ ಬಿಟ್ಟರು. ಮಲ ಎತ್ತುವವರು ಮುಂಬಾಗಿಲಿಗೆ ಕಾಣಬಾರದು ಅಂತ ಅಷ್ಟು ಜಾಗ ಅಳೆದ ನಗರಕ್ಕೆ, ಅವರು ಕಾಲು ತೊಳೆದು ಒರೆಸಿಕೊಳ್ಳೋಕೆ ಹತ್ತಡಿ ಜಾಗ ಅಳೆಯೋದು ಹೊಳೀಲಿಲ್ಲ. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟರು. ತಲೆಯ ಹೊರೆ ಇಳಿಯಿತು. ಕೈಕಾಲಿನ ಒದ್ದೆ ಇಳಿದಿಲ್ಲ.

ಗ್ಲೌಸು, ಬೂಟು, ರೈನ್‌ಕೋಟು ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು. ಆದರೆ ಒಂದೇ ಜೊತೆ ಕೊಟ್ಟು ಫೋಟೋ ಹಿಡಿದರೆ ಆಯಿತೇ? ರಬ್ಬರ್ ಗ್ಲೌಸಿನೊಳಗೆ ಬೆವರೂ ಆರೋದಿಲ್ಲ. ಹರಿದ ಗ್ಲೌಸಿನೊಳಗೆ ನಿಂತ ನೀರು ಬರಿಗೈಗಿಂತ ಕೇಡು.

ನಾವು ಕೇಳುವುದು ಭಿಕ್ಷೆಯಲ್ಲ. ಹಾಜರಿ ಹಾಕುವ ಪ್ರತಿ ಜಾಗದಲ್ಲಿ ನಲ್ಲಿ, ಸೋಪು, ಒಣ ಬಟ್ಟೆ, ಬಾಗಿಲಿರುವ ಕೋಣೆ. ಒಂದು ಒಣಗುವಾಗ ಹಾಕಿಕೊಳ್ಳೋಕೆ ಇನ್ನೊಂದು ಜೊತೆ ಬೂಟು, ಒಳಗೆ ಹತ್ತಿಯ ಗ್ಲೌಸು. ಗಾಯವಾದವರಿಗೆ ಮಾಯುವ ತನಕ ಸಂಬಳದ ರಜೆ, ಯಾಕೆಂದರೆ ಒದ್ದೆಗೆ ಮತ್ತೆ ಇಳಿದರೆ ಯಾವ ಮುಲಾಮೂ ಹತ್ತೋದಿಲ್ಲ.

ಅಕ್ಕಂದಿರೇ, ಇವತ್ತು ಮನೆಗೆ ಹೋದವರೇ ಬೆರಳ ಸಂದಿ ಬಿಡಿಸಿ ಒರೆಸಿ, ನೋಡಿ. ಬೆಳ್ಳಗಾಗಿದ್ದರೆ ಮುಚ್ಚಿಡಬೇಡಿ. ನಾಳೆ ಹಾಜರಿ ಹೊತ್ತಿಗೆ ಎಲ್ಲರೂ ಒಟ್ಟಿಗೆ ನಿಂತು ಆ ಕಾಲನ್ನೇ ತೋರಿಸೋಣ.